ಮೊದಲು ಪಕ್ಷ, ಆಮೇಲೆ ಕಾರಣ

ಮೊನ್ನೆ ಸಂಜೆ ದಾವಣಗೆರೆಯ ಒಂದು ಮಂಡಕ್ಕಿ-ಮೆಣಸಿನಕಾಯಿ ಅಂಗಡಿಯಲ್ಲಿ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ರೈತರು. ಜಗಳೂರು ಕಡೆಯವರು. ಎಪಿಎಂಸಿಗೆ ಮೆಕ್ಕೆಜೋಳ ಹಾಕಿ, ಬಸ್ಸು ಹತ್ತೋ ಮುಂಚೆ ಹೊಟ್ಟೆಗೆ ಏನಾದರೂ ಬೀಳಲಿ ಅಂತ ಬಂದಿದ್ದರು. ಮಾತು ಭದ್ರಾ ಮೇಲ್ದಂಡೆ ಯೋಜನೆಗೆ ಹೊರಳಿತು.

"ಐದು ಸಾವಿರದ ಮುನ್ನೂರು ಕೋಟಿ ಅಂತ ಬಜೆಟ್‌ನಾಗೇ ಹೇಳ್ಯಾರೆ ಕೇಂದ್ರದವರು. ಇನ್ನೇನ್ ಬೇಕು ನಿನಗೆ?"

"ಹೇಳ್ಯಾರೆ, ಕೊಟ್ಟಾರಾ? ಎಲ್ಲೈತೆ ತೋರ್ಸು ರೊಕ್ಕ."

"ನಿಮ್ಮ ರಾಜ್ಯದೋರು ಸರಿಯಾಗಿ ಲೆಕ್ಕ ಕೊಟ್ಟಿದ್ರೆ ಬರ್ತಿತ್ತು ಬಿಡಲೇ."

ಇಬ್ಬರದೂ ಒಂದೇ ಊರು. ಇಬ್ಬರ ಹೊಲಕ್ಕೂ ನೀರಿಲ್ಲ. ಯೋಜನೆ ಮುಗಿದರೆ ಇಬ್ಬರಿಗೂ ಲಾಭ. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆ ಆಗಿದ್ದು ಇಬ್ಬರಿಗೂ ಗೊತ್ತು. ಆ ಹಣ ಬಂದಿಲ್ಲ ಅಂತ ರಾಜ್ಯ ಸರ್ಕಾರ ದೂರುತ್ತಿರುವುದೂ ಗೊತ್ತು. ಗೊತ್ತಿರುವ ವಿಷಯದಲ್ಲಿ ಒಂದು ಕಾಳಿನಷ್ಟೂ ವ್ಯತ್ಯಾಸ ಇಲ್ಲ. ಆದರೂ ಒಬ್ಬರಿಗೆ ಅದು ಒಂದು ಪಕ್ಷದ ಸಾಧನೆ, ಇನ್ನೊಬ್ಬರಿಗೆ ಅದೇ ಪಕ್ಷದ ಮೋಸ.

ನಾವೆಲ್ಲ ನಮ್ಮ ಬಗ್ಗೆ ಅಂದುಕೊಂಡಿರುವುದು ಹೀಗೆ: ಮೊದಲು ವಿಷಯ ತಿಳಿದುಕೊಳ್ತೀವಿ, ಆಮೇಲೆ ಯೋಚನೆ ಮಾಡ್ತೀವಿ, ಕೊನೆಗೆ ಯಾವ ಪಕ್ಷ ಅಂತ ತೀರ್ಮಾನಿಸ್ತೀವಿ. ನಡೆಯೋದು ಹೆಚ್ಚಾಗಿ ಉಲ್ಟಾ. ಪಕ್ಷ ಮೊದಲೇ ಇರುತ್ತದೆ. ಕಾರಣಗಳು ಹಿಂದಿನಿಂದ ಬಂದು ಸೇರಿಕೊಳ್ಳುತ್ತವೆ. ಹಾಗಾದರೆ ಆ ಪಕ್ಷ ಬಂದಿದ್ದು ಎಲ್ಲಿಂದ?

ಮೊದಲನೆಯದಾಗಿ, ಮನೆಯಿಂದ. ನಮ್ಮ ಅಜ್ಜನ ಹತ್ತಿರ ಒಂದು ತಗಡಿನ ಟ್ರಂಕಿತ್ತು. ಅದರ ತಳದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಂದು ಕಾಗದ. ಭೂ ನ್ಯಾಯಮಂಡಳಿಯ ಆದೇಶ. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿದಾರರು ಫಾರಂ ನಂಬರ್ 7 ತುಂಬಿ ಅರ್ಜಿ ಹಾಕುವಂತಾಯ್ತು. ನಮ್ಮ ಅಜ್ಜನೂ ಹಾಕಿದ್ದ. ಮೂರು ಎಕರೆ ಅವನ ಹೆಸರಿಗೆ ಬಂತು. ಅವತ್ತಿನಿಂದ ಸಾಯುವವರೆಗೂ ಅಜ್ಜನ ವೋಟು ಒಂದೇ ಪಕ್ಷಕ್ಕೆ. ಅಭ್ಯರ್ಥಿ ಯಾರು ಅಂತ ಅವನು ಕೇಳಿದ್ದನ್ನು ನಾನು ನೋಡಿಲ್ಲ. ಚಿಹ್ನೆ ಹಸು-ಕರುವಿನಿಂದ ಹಸ್ತಕ್ಕೆ ಬದಲಾದಾಗ ಮಾತ್ರ ಒಂದು ಸಲ ಗಲಿಬಿಲಿ ಆಗಿತ್ತಂತೆ.

ಅಪ್ಪನೂ ಅದೇ ಪಕ್ಷಕ್ಕೆ ಹಾಕುತ್ತಿದ್ದ. ಯಾಕೆ ಅಂತ ಕೇಳಿದರೆ "ನಮ್ಮ ಮನೆತನದ್ದು ಅದೇ ಕಣಪ್ಪ" ಅನ್ನುತ್ತಿದ್ದ. ಅಜ್ಜನಿಗೆ ಟ್ರಂಕಿನಲ್ಲೊಂದು ಕಾರಣ ಇತ್ತು. ಅಪ್ಪನಿಗೆ ಬಂದಿದ್ದು ರೂಢಿ ಅಷ್ಟೆ. ನಾನಂತೂ ಮೊದಲ ವೋಟಿನಲ್ಲೇ ಬೇರೆ ಕಡೆ ಒತ್ತಿ ಬಂದೆ, ಅದು ಬೇರೆ ಮಾತು.

ಇದನ್ನು ಅಮೆರಿಕದಲ್ಲಿ ಬಹಳ ವರ್ಷ ಹಿಂಬಾಲಿಸಿ ನೋಡಿದ್ದಾರೆ. ಕೆಂಟ್ ಜೆನ್ನಿಂಗ್ಸ್ ಮತ್ತು ರಿಚರ್ಡ್ ನೀಮಿ ಎಂಬ ಇಬ್ಬರು 1965ರಲ್ಲಿ ಹೈಸ್ಕೂಲು ಮುಗಿಸುತ್ತಿದ್ದ ಹುಡುಗ ಹುಡುಗಿಯರನ್ನೂ ಅವರ ತಂದೆ ತಾಯಿಯರನ್ನೂ ಬೇರೆ ಬೇರೆಯಾಗಿ ಮಾತಾಡಿಸಿದರು. ಅದೇ ಜನರನ್ನು ಮುಂದೆ ದಶಕಗಳ ಕಾಲ ಮತ್ತೆ ಮತ್ತೆ ಮಾತಾಡಿಸಲಾಯಿತು. ಕಂಡಿದ್ದು ಏನೆಂದರೆ, ಅಪ್ಪ ಅಮ್ಮನಿಂದ ಮಕ್ಕಳಿಗೆ ಸಲೀಸಾಗಿ ದಾಟುವುದು ಪಕ್ಷದ ಒಲವು. ಒಂದೊಂದು ವಿಷಯದ ಬಗ್ಗೆ ಅವರ ಅಭಿಪ್ರಾಯ ಅಷ್ಟು ಸುಲಭವಾಗಿ ದಾಟೋದಿಲ್ಲ. ಮನೆಯಲ್ಲಿ ರಾಜಕೀಯದ ಮಾತು ಜಾಸ್ತಿ ಇದ್ದು, ಅಪ್ಪ ಅಮ್ಮ ಇಬ್ಬರದೂ ಒಂದೇ ಒಲವಾಗಿದ್ದರೆ ಅದು ಇನ್ನೂ ಗಟ್ಟಿ. ಮಗುವಿಗೆ ತೆರಿಗೆ ಅಂದರೇನು ಅಂತ ಗೊತ್ತಾಗೋಕೆ ಮುಂಚೆ "ನಮ್ಮವರು" ಯಾರು ಅಂತ ಗೊತ್ತಿರುತ್ತದೆ.

ಎರಡನೆಯದು ವಯಸ್ಸು. ಹದಿನೆಂಟರಿಂದ ಇಪ್ಪತ್ತೈದರ ಆಸುಪಾಸಿನಲ್ಲಿ ಕಂಡಿದ್ದು ಮನಸ್ಸಿನಲ್ಲಿ ಕೂತುಬಿಡುತ್ತದೆ. ಆ ವಯಸ್ಸಿನಲ್ಲಿ ತುರ್ತು ಪರಿಸ್ಥಿತಿ ನೋಡಿದವರು, ಹಸಿರು ಟವೆಲ್ಲು ಹೆಗಲಿಗೆ ಹಾಕಿ ರೈತ ಸಂಘದ ಜೊತೆ ರಸ್ತೆಗೆ ಇಳಿದವರು, ಮಂಡಲ್ ಗಲಾಟೆಯಲ್ಲಿ ಕಾಲೇಜಿನಲ್ಲಿದ್ದವರು, ಈಗ ಮೊಬೈಲಿನಲ್ಲೇ ಭಾಷಣ ಕೇಳುತ್ತಾ ಬೆಳೆದವರು, ಇವರೆಲ್ಲ ಒಂದೇ ಓಣಿಯಲ್ಲಿದ್ದರೂ ಬೇರೆ ಬೇರೆ ದೇಶದಲ್ಲಿ ಇದ್ದ ಹಾಗೆ ಮಾತಾಡುತ್ತಾರೆ.

ಆದರೆ ನನ್ನ ಲೆಕ್ಕದಲ್ಲಿ ಇವೆರಡಕ್ಕಿಂತ ದೊಡ್ಡದು ಮೂರನೆಯದು. ಯಾರ ಜೊತೆ ಕೂರ್ತೀವಿ, ಯಾರ ಜೊತೆ ಏಳ್ತೀವಿ ಅನ್ನೋದು. ಇದಕ್ಕೆ ಎಲ್ಲೋ ದೂರ ಹೋಗಬೇಕಿಲ್ಲ. ದಾವಣಗೆರೆ ಊರೇ ಸಾಕು.

ಈಗಿನ ಹುಡುಗರಿಗೆ ಹೇಳಿದರೆ ನಂಬೋದಿಲ್ಲ. ಬೆಣ್ಣೆ ದೋಸೆಗೂ ಕಾಲೇಜುಗಳಿಗೂ ಹೆಸರಾದ ಈ ಊರು ಒಂದು ಕಾಲಕ್ಕೆ ಕೆಂಬಾವುಟದ ಊರು. ಹತ್ತಿ ಮಿಲ್ಲುಗಳಿಂದಾಗಿ ಇದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಪಾಳಿ ಮುಗಿದಾಗ ಮಿಲ್ಲಿನ ಗೇಟಿನಿಂದ ಸಾಲುಸಾಲು ಸೈಕಲ್ಲುಗಳು ಹೊರಬರುತ್ತಿದ್ದವು. ಈ ಊರಿನ ಮತದಾರರು 1978ರಲ್ಲಿ ಭಾರತ ಕಮ್ಯುನಿಸ್ಟ್ ಪಕ್ಷದ ಪಂಪಾಪತಿ ಅವರನ್ನು ವಿಧಾನಸಭೆಗೆ ಕಳಿಸಿದರು. 1983ರಲ್ಲಿ ಮತ್ತೆ ಕಳಿಸಿದರು. 1985ರಲ್ಲಿ ಇನ್ನೊಂದು ಸಲ. ತೆನೆ-ಕುಡುಗೋಲು ಚಿಹ್ನೆಗೆ ಸತತ ಮೂರು ಸಲ ಗೆಲುವು.

ನಮ್ಮ ಓಣಿಯಲ್ಲಿ ಮಿಲ್ಲಿನಲ್ಲಿ ದುಡಿದ ಒಬ್ಬ ಹಿರಿಯರಿದ್ದರು. ನಾವೆಲ್ಲ ಅವರನ್ನು ಕಾಕ ಅನ್ನುತ್ತಿದ್ದೆವು. ಹಣೆ ತುಂಬಾ ವಿಭೂತಿ. ಸೋಮವಾರ ಒಪ್ಪತ್ತು. ಶಿವರಾತ್ರಿಗೆ ಜಾಗರಣೆ. ಮೇ ಒಂದನೇ ತಾರೀಕು ಮಾತ್ರ ಕೆಂಪು ಬಾವುಟ ಹಿಡಿದು ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ. ಕಾಲೇಜು ಸೇರಿದ ಹೊಸತರಲ್ಲಿ, ಎಲ್ಲಾ ಗೊತ್ತು ಅನ್ನೋ ಗತ್ತಿನಲ್ಲಿ ಅವರನ್ನು ಕೇಳಿದ್ದೆ.

"ಕಾಕಾ, ಕಮ್ಯುನಿಸ್ಟರಿಗೆ ದೇವ್ರಿಲ್ಲ. ನೀವು ನೋಡಿದ್ರೆ ಇಷ್ಟೊಂದು ಪೂಜೆ ಮಾಡ್ತೀರಿ. ಮಾರ್ಕ್ಸ್ ಏನ್ ಹೇಳ್ಯಾನೆ ಗೊತ್ತೇನ್ರೀ?"

ಕಾಕ ಬೀಡಿ ಬೂದಿ ಕೊಡವಿದರು. "ಅವನೇನ್ ಹೇಳ್ಯಾನೋ ನನಗೆ ಗೊತ್ತಿಲ್ಲಪ್ಪ. ನನ್ ಮಗಳ ಮದುವಿ ಮುಂದೆ ಬೋನಸ್ ತಡ ಆಗಿತ್ತು. ಯೂನಿಯನ್ನೋರು ಮೂರು ದಿನ ಗೇಟಿಗೆ ಕುಂತು ಕೊಡ್ಸಿದ್ರು. ಮದುವಿಗೂ ಬಂದು ಬಡಿಸಿದ್ರು."

ಈ ಉತ್ತರ ನನಗೆ ಅವತ್ತು ದಡ್ಡತನ ಅನ್ನಿಸಿತ್ತು. ಬಹಳ ವರ್ಷ ಆದ ಮೇಲೆ ಫಿಲಿಪ್ ಕಾನ್ವರ್ಸ್ ಎಂಬ ವಿದ್ವಾಂಸರ ಬಗ್ಗೆ ಓದಿದೆ. 1964ರಲ್ಲೇ ಅವರು ಹೇಳಿದ್ದು ಇಷ್ಟು: ಎಡ, ಬಲ ಎಂಬ ಸಿದ್ಧಾಂತದ ಪೂರ್ತಿ ಗಂಟನ್ನು ತಲೆಯಲ್ಲಿ ಹೊತ್ತು ತಿರುಗುವವರು ಬಹಳ ಕಡಿಮೆ ಜನ. ಹೆಚ್ಚಿನವರು ಯೋಚಿಸುವುದು ಗುಂಪುಗಳ ಲೆಕ್ಕದಲ್ಲಿ. ಈ ಪಕ್ಷ ನಮ್ಮಂಥವರ ಕಡೆ ಇದೆಯಾ, ನಮ್ಮ ಕಷ್ಟಕ್ಕೆ ಆಗುತ್ತದಾ ಅಂತ. ಕಾಕನಿಗೆ ಕಮ್ಯುನಿಸಂ ಅಂದರೆ ಪುಸ್ತಕ ಆಗಿರಲಿಲ್ಲ, ಮದುವೆಯಲ್ಲಿ ಬಡಿಸಿದ ಕೈಗಳಾಗಿತ್ತು.

ಮುಂದೆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ದಾವಣಗೆರೆಯಲ್ಲಿ ಕಮ್ಯುನಿಸಂ ತಪ್ಪು ಅಂತ ಯಾರೂ ವಾದ ಮಾಡಿ ಗೆಲ್ಲಲಿಲ್ಲ. ಕೆಲಸಗಾರರು ಒಂದು ದಿನ ಕೂತು, ಯೋಚಿಸಿ, ಮನಸ್ಸು ಬದಲಿಸಿದ್ದೂ ಅಲ್ಲ. ಸೈರನ್ ನಿಂತಿತು. ಪಾಳಿ ನಿಂತಿತು. ಗೇಟಿನ ಮುಂದಿನ ಚಹದಂಗಡಿ ಎತ್ತಿದರು. ದಿನಾ ಸಿಗುತ್ತಿದ್ದವರು ಸಿಗದಂತಾದರು. ಕಾಕನ ಒಬ್ಬ ಮಗ ಆಟೋ ಓಡಿಸಿದ, ಇನ್ನೊಬ್ಬ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದ. ಅವರು ಕೂರುವ ಕಟ್ಟೆ ಬೇರೆ, ಅಲ್ಲಿನ ಮಾತು ಬೇರೆ. ಹತ್ತು ವರ್ಷದಲ್ಲಿ ಇಬ್ಬರೂ ಎರಡು ಬೇರೆ ಪಕ್ಷದವರಾದರು, ಅಪ್ಪನ ಪಕ್ಷ ಯಾರಿಗೂ ಬೇಡವಾಯ್ತು.

ಇದಕ್ಕೆ ಎದುರು ಉದಾಹರಣೆ ಅಮೆರಿಕದ ಬೆನ್ನಿಂಗ್ಟನ್ ಕಾಲೇಜಿನದು. 1930ರ ದಶಕದಲ್ಲಿ ಅಲ್ಲಿಗೆ ಸೇರುತ್ತಿದ್ದದ್ದು ಹೆಚ್ಚಾಗಿ ಶ್ರೀಮಂತ, ಸಂಪ್ರದಾಯದ ಮನೆಗಳ ಹೆಣ್ಣುಮಕ್ಕಳು. ಕಾಲೇಜಿನ ಮೇಷ್ಟ್ರುಗಳು, ಹಿರಿಯ ವಿದ್ಯಾರ್ಥಿನಿಯರು ಉದಾರವಾದಿಗಳು. ಮೂರ್ನಾಲ್ಕು ವರ್ಷದಲ್ಲಿ ಈ ಹುಡುಗಿಯರಲ್ಲಿ ಬಹಳ ಜನ ಅಪ್ಪನ ಪಕ್ಷ ಬಿಟ್ಟು ಆ ಕಡೆ ಹೊರಳಿದರು. ಥಿಯೋಡರ್ ನ್ಯೂಕೂಂಬ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ದಾಖಲಿಸಿ, ಇಪ್ಪತ್ತೈದು ವರ್ಷದ ನಂತರ ಅವರನ್ನೇ ಮತ್ತೆ ಹುಡುಕಿಕೊಂಡು ಹೋದರು. ಹೆಚ್ಚಿನವರು ಹಾಗೇ ಉಳಿದಿದ್ದರು. ಗುಟ್ಟೇನೆಂದರೆ, ಅವರು ಮದುವೆಯಾದದ್ದು, ಗೆಳೆತನ ಬೆಳೆಸಿದ್ದು ಅಂಥದೇ ಯೋಚನೆಯ ಜನರ ಜೊತೆ. ಅವರ ಮಿಲ್ಲು ಮುಚ್ಚಿರಲಿಲ್ಲ, ಅಷ್ಟೇ ವ್ಯತ್ಯಾಸ.

ಸರಿ, ಜಾತಿ? ದಾವಣಗೆರೆ, ಪಕ್ಕದ ಚಿತ್ರದುರ್ಗದ ಬಗ್ಗೆ ಬರೆಯುತ್ತಾ ಜಾತಿಯ ಮಾತೇ ಎತ್ತದಿದ್ದರೆ ಓದುವವರು ನಗುತ್ತಾರೆ. ಕೋಟೆ ಊರು ಚಿತ್ರದುರ್ಗದ ಸುತ್ತ ಮಠಗಳಿಗೇನೂ ಬರ ಇಲ್ಲ. ಮುರುಘಾಮಠ, ಸಿರಿಗೆರೆ, ಮಾದಾರ ಚೆನ್ನಯ್ಯ ಗುರುಪೀಠ, ಭೋವಿ ಗುರುಪೀಠ. ಈ ಕಡೆ ಹರಿಹರದ ಹತ್ತಿರ ರಾಜನಹಳ್ಳಿಯಲ್ಲಿ ವಾಲ್ಮೀಕಿ ಗುರುಪೀಠ. ಚುನಾವಣೆ ಬಂತೆಂದರೆ ಎಲ್ಲಾ ಪಕ್ಷದ ಕಾರುಗಳೂ ಈ ದಾರಿಗಳಲ್ಲೇ. ಹಾಗಾಗಿ "ಇಲ್ಲಿ ಜಾತಿ ನೋಡಿ ವೋಟು ಹಾಕ್ತಾರೆ, ಮುಗೀತು" ಅಂತ ಟಿವಿಯವರು ಅರ್ಧ ನಿಮಿಷದಲ್ಲಿ ಹೇಳಿ ಏಳುತ್ತಾರೆ.

ಮುಗಿಯೋದಿಲ್ಲ. ಚಿತ್ರದುರ್ಗ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಅದರೊಳಗಿನ ಚಳ್ಳಕೆರೆ, ಮೊಳಕಾಲ್ಮೂರು ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು. ಅಲ್ಲಿ ಲಿಂಗಾಯತರ ಮನೆಯವರಿಗಾಗಲಿ, ಗೊಲ್ಲರ ಹಟ್ಟಿಯವರಿಗಾಗಲಿ, ಕುರುಬರಿಗಾಗಲಿ "ನಮ್ಮ ಜಾತಿಯ ಅಭ್ಯರ್ಥಿ" ಅನ್ನೋದೇ ಇರುವುದಿಲ್ಲ. ಆದರೂ ಅವರು ಒಂದು ಕಡೆ ವಾಲುತ್ತಾರೆ. ಅಂದರೆ ಜಾತಿ ಕೆಲಸ ಮಾಡುವುದು ಅಭ್ಯರ್ಥಿಯ ಮುಖ ನೋಡಿ ಮಾತ್ರ ಅಲ್ಲ. ಯಾರ ಮನೆಯ ಮದುವೆಗೆ ಹೋಗ್ತೀವಿ, ಯಾರ ಅಂಗಡಿಯಲ್ಲಿ ಸಾಲ ಹೇಳ್ತೀವಿ, ಯಾರ ಮಾತನ್ನು ಅನುಮಾನ ಇಲ್ಲದೆ ಕೇಳ್ತೀವಿ ಅನ್ನುವುದನ್ನು ಅದು ಮೊದಲೇ ಗೆರೆ ಎಳೆದು ಇಟ್ಟಿರುತ್ತದೆ. ರಾಜಕೀಯದ ಮಾತು ಆ ಗೆರೆಯೊಳಗೇ ಓಡಾಡುತ್ತದೆ. ಮಿಲ್ಲಿನ ಗೇಟು ಕೂಡ ಮಾಡಿದ್ದು ಇದೇ ಕೆಲಸ. ವ್ಯತ್ಯಾಸ ಅಂದರೆ ಗೇಟಿನಲ್ಲಿ ಎಲ್ಲಾ ಜಾತಿಯವರೂ ಸಿಗುತ್ತಿದ್ದರು.

'ವೋಟ್ ಬ್ಯಾಂಕ್' ಅನ್ನುವ ಮಾತನ್ನು ಹುಟ್ಟುಹಾಕಿದವರು ನಮ್ಮವರೇ, ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. 1950ರ ದಶಕದಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದನ್ನು ನೋಡಿ ಬರೆಯುವಾಗ ಬಳಸಿದ ಪದ. ಅವರು ಹೇಳಿದ್ದು ಇಡೀ ಒಂದು ಜಾತಿಯ ಬಗ್ಗೆ ಅಲ್ಲ. ಹಳ್ಳಿಯ ಯಜಮಾನ, ಅವನ ಹಂಗಿನಲ್ಲಿರುವ ಜನ, ಅವರ ವೋಟುಗಳನ್ನು ಒಟ್ಟು ಮಾಡಿ ಕೊಡುವ ಅವನ ತಾಕತ್ತು, ಇದರ ಬಗ್ಗೆ. ಇವತ್ತು ಆ ಯಜಮಾನಿಕೆ ಬಹಳ ಸಡಿಲವಾಗಿದೆ. ಪದ ಮಾತ್ರ ಅರ್ಥ ಬದಲಿಸಿಕೊಂಡು ಬೈಗುಳವಾಗಿ ಉಳಿದಿದೆ.

ಈಗ ಮೊಬೈಲಿಗೆ ಬರೋಣ. ಎಲ್ಲಾ ಕೆಟ್ಟದ್ದಕ್ಕೂ ವಾಟ್ಸಾಪ್ ಕಾರಣ ಅನ್ನೋದು ಈಗಿನ ರೂಢಿ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. 1940ರಲ್ಲಿ ರೇಡಿಯೊ ಬಗ್ಗೆಯೂ ಜನ ಹೀಗೇ ಹೆದರಿದ್ದರು. ಆಗ ಪಾಲ್ ಲಜಾರ್ಸ್‌ಫೆಲ್ಡ್ ಮತ್ತು ಜೊತೆಗಾರರು ಓಹಾಯೊ ರಾಜ್ಯದ ಒಂದು ಕೌಂಟಿಯಲ್ಲಿ 600 ಜನರನ್ನು ಅಧ್ಯಕ್ಷೀಯ ಚುನಾವಣೆಗೆ ಮುಂಚಿನ ತಿಂಗಳುಗಳಲ್ಲಿ ಮತ್ತೆ ಮತ್ತೆ ಮಾತಾಡಿಸಿದರು. ಪ್ರಚಾರದಿಂದ ಪಕ್ಷ ಬದಲಿಸಿದವರು ಬೆರಳೆಣಿಕೆಯಷ್ಟು. ಬದಲಿಸಿದವರೂ ರೇಡಿಯೊಗಿಂತ ಜಾಸ್ತಿ ಹೇಳಿದ್ದು ಪರಿಚಯದವರ ಹೆಸರನ್ನೇ. ಸುದ್ದಿ ಮೊದಲು ಊರಿನಲ್ಲಿ ಸ್ವಲ್ಪ ತಿಳಿದವನಿಗೆ ತಲುಪುತ್ತದೆ, ಅವನಿಂದ ಉಳಿದವರಿಗೆ. ವಾಟ್ಸಾಪ್‌ನಲ್ಲೂ ಅಷ್ಟೇ ಅಲ್ವಾ? ಗೊತ್ತಿಲ್ಲದ ನಂಬರಿನಿಂದ ಬಂದದ್ದನ್ನು ಅಳಿಸ್ತೀವಿ. ಅದನ್ನೇ ದೊಡ್ಡಪ್ಪ ಮನೆ ಗುಂಪಿಗೆ ಹಾಕಿದರೆ ಓದ್ತೀವಿ. ಇನ್ನೊಂದು ಗುಂಪಿನಲ್ಲೂ ಅದೇ ಬಂದರೆ ಇರಬಹುದೇನೋ ಅನ್ನಿಸುತ್ತದೆ. ಒಂದೇ ಮಾತನ್ನು ಪದೇ ಪದೇ ಕೇಳಿದರೆ ಅದು ನಿಜ ಅನ್ನಿಸತೊಡಗುತ್ತದೆ ಎಂಬುದನ್ನು 1977ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಸುಳ್ಳು ಗಟ್ಟಿಯಾಗುವುದು ಹೀಗೆ, ನಂಬಿಕೆಯ ಜನರ ಕೈಯಿಂದ ಕೈಗೆ ದಾಟಿ.

ಓದಿದವರು ಇದರಿಂದ ಪಾರು ಅಂತ ಯಾರಾದರೂ ಅಂದುಕೊಂಡಿದ್ದರೆ ಅವರಿಗೆ ಅಮೆರಿಕದ ಎರಡು ಪ್ರಯೋಗ ಹೇಳುತ್ತೇನೆ. ಜೆಫ್ರಿ ಕೋಹೆನ್ ಎಂಬುವವರು 2003ರಲ್ಲಿ ಪ್ರಕಟಿಸಿದ್ದು ಮೊದಲನೆಯದು. ಬಡವರಿಗೆ ಸರ್ಕಾರ ಕೊಡುವ ನೆರವಿನ ಎರಡು ಯೋಜನೆಗಳನ್ನು ಕಾಲೇಜು ವಿದ್ಯಾರ್ಥಿಗಳ ಮುಂದಿಟ್ಟರು. ಒಂದು ಧಾರಾಳದ್ದು, ಇನ್ನೊಂದು ಜಿಪುಣತನದ್ದು. ಇದು ನಿಮ್ಮ ಪಕ್ಷದ್ದು ಅಂದಾಗ ಉದಾರವಾದಿ ಹುಡುಗರು ಜಿಪುಣ ಯೋಜನೆಗೂ ಜೈ ಅಂದರು, ಸಂಪ್ರದಾಯವಾದಿಗಳು ಧಾರಾಳ ಯೋಜನೆಗೂ ಜೈ ಅಂದರು. ಮಜಾ ಇರೋದು ಆಮೇಲೆ. ಯಾಕೆ ಒಪ್ಪಿದಿರಿ ಅಂದರೆ ಯೋಜನೆಯ ವಿವರಗಳನ್ನು ನೋಡಿ ಒಪ್ಪಿದೆವು ಅಂದರು. ಪಕ್ಷದ ಹೆಸರು ತಮ್ಮ ಮೇಲೆ ಕೆಲಸ ಮಾಡಿದ್ದು ಅವರಿಗೇ ಗೊತ್ತಿರಲಿಲ್ಲ. ಉಚಿತ ಯೋಜನೆಗಳ ಬಗ್ಗೆ ನಮ್ಮಲ್ಲಿ ನಡೆಯುವ ಜಗಳ ನೆನಪಿಸಿಕೊಳ್ಳಿ. ಒಂದೇ ರೀತಿಯ ಹಣ, ನಮ್ಮವರು ಕೊಟ್ಟರೆ ಗ್ಯಾರಂಟಿ ಇಲ್ಲವೇ ಸಮ್ಮಾನ, ಅವರು ಕೊಟ್ಟರೆ ಬಿಟ್ಟಿ ಭಾಗ್ಯ.

ಎರಡನೆಯದು ಡ್ಯಾನ್ ಕಹಾನ್ ಮತ್ತು ಜೊತೆಗಾರರದು, 2013ರದು. ಒಂದಷ್ಟು ಅಂಕಿಗಳ ಕೋಷ್ಟಕ ಕೊಟ್ಟು ಇದರಿಂದ ಏನು ಗೊತ್ತಾಗುತ್ತದೆ ಎಂದು ಕೇಳಿದರು. ಚರ್ಮದ ಮುಲಾಮಿನ ಲೆಕ್ಕ ಅಂದಾಗ, ಲೆಕ್ಕ ಚೆನ್ನಾಗಿ ಬರುವವರು ಸರಿ ಉತ್ತರ ಹೇಳಿದರು. ಅದೇ ಅಂಕಿಗಳನ್ನು, ಅಲ್ಲಿನ ಪಕ್ಷಗಳು ಸದಾ ಕಚ್ಚಾಡುವ ಬಂದೂಕು ನಿಷೇಧದ ಲೆಕ್ಕ ಅಂತ ಕೊಟ್ಟಾಗ ತಮ್ಮ ಪಕ್ಷಕ್ಕೆ ಒಗ್ಗದ ಉತ್ತರ ಬರುವ ಕಡೆ ಎಡವಿದರು. ಲೆಕ್ಕ ಚೆನ್ನಾಗಿ ಬರುವವರ ನಡುವೆಯೇ ಬಿರುಕು ಜಾಸ್ತಿ. ಬುದ್ಧಿ ಹೆಚ್ಚಿದ್ದಷ್ಟೂ ನಮ್ಮ ಕಡೆಗೆ ವಕಾಲತ್ತು ಮಾಡೋಕೆ ಅನುಕೂಲ. ನಾನು ಕಂಡ ಅತಿ ಹಟಮಾರಿ ರಾಜಕೀಯ ಜಗಳಗಳು ನಡೆದದ್ದು ಮೇಷ್ಟ್ರುಗಳ ಸ್ಟಾಫ್ ರೂಮಿನಲ್ಲೇ.

ಹಾಗಂತ ಜನ ಕುರಿಗಳು ಅಂದುಕೊಂಡರೆ ಅದೂ ತಪ್ಪು. ಚಿತ್ರದುರ್ಗ ನಿಜಲಿಂಗಪ್ಪನವರ ಊರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ಅವರೇ ಅದರ ಅಧ್ಯಕ್ಷರು, ಇಂದಿರಾ ಗಾಂಧಿಯವರ ಎದುರು ಬಣದ ಮುಂದಾಳು. ಕರ್ನಾಟಕದ ಮುಖ್ಯಮಂತ್ರಿಯಾಗಿದ್ದವರು, ಸರಳ ಮನುಷ್ಯ ಅಂತ ಹೆಸರಿದ್ದವರು. ಆದರೂ 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27ಕ್ಕೆ 27 ಸ್ಥಾನವೂ ಇಂದಿರಾ ಕಾಂಗ್ರೆಸ್ಸಿಗೆ ಹೋದವು. ಗೌರವ ಒಬ್ಬರಿಗೆ, ವೋಟು ಇನ್ನೊಬ್ಬರಿಗೆ. 1984ರ ಡಿಸೆಂಬರ್‌ನಲ್ಲಿ ಲೋಕಸಭೆಗೆ 28ರಲ್ಲಿ 24 ಕಾಂಗ್ರೆಸ್ಸನ್ನು ಆರಿಸಿದ ಇದೇ ಕರ್ನಾಟಕ, ಮೂರು ತಿಂಗಳಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ವಿಧಾನಸಭೆಯಲ್ಲಿ 139 ಸ್ಥಾನ ಕೊಟ್ಟಿತು. 2023ರಲ್ಲಿ ಚಿತ್ರದುರ್ಗ ಜಿಲ್ಲೆಯ ಆರರಲ್ಲಿ ಐದು ವಿಧಾನಸಭಾ ಕ್ಷೇತ್ರ ಕಾಂಗ್ರೆಸ್ಸಿಗೆ. ಮರುವರ್ಷ ಲೋಕಸಭೆ ಬಿಜೆಪಿಗೆ. ಪಕ್ಕದ ದಾವಣಗೆರೆಯಲ್ಲಿ 1999ರಿಂದ ಸತತ ಐದು ಲೋಕಸಭಾ ಚುನಾವಣೆ ಗೆದ್ದಿದ್ದ ಬಿಜೆಪಿ ಅದೇ 2024ರಲ್ಲಿ ಸೋತಿತು.

ಒಲವು ಗಟ್ಟಿ ಇರುತ್ತದೆ, ಸರಪಳಿ ಹಾಕಿದ ಹಾಗೆ ಇರೋದಿಲ್ಲ. ಅದು ಅಲುಗಾಡೋದು ವಾದದಿಂದ ಕಡಿಮೆ, ಬದುಕಿಗೆ ನೇರ ತಾಕಿದ್ದರಿಂದ ಜಾಸ್ತಿ. ನಾಲೆಯ ಕೊನೆ ಭಾಗಕ್ಕೆ ನೀರು ಬರದೆ ಭತ್ತ ಒಣಗಿದ ವರ್ಷ, ಮನೆತನದ ಪಕ್ಷ ಅಂತ ಯಾರು ನೋಡ್ತಾರೆ? ನೋಡುವವರೂ ಇದ್ದಾರೆ, ಸುಮ್ನೆ ಹೇಳಬಾರದು. ಅಂಥವರು ನೀರು ಬರದಿದ್ದಕ್ಕೆ ಎಂಜಿನಿಯರನ್ನು ಬೈಯುತ್ತಾರೆ, ಮೇಲಿನ ಊರಿನ ಪಂಪ್‌ಸೆಟ್ಟುಗಳನ್ನು ಬೈಯುತ್ತಾರೆ, ಪಕ್ಷವನ್ನು ಬಿಟ್ಟು ಎಲ್ಲರನ್ನೂ ಬೈಯುತ್ತಾರೆ.

ಬೆಂಚಿನ ಮೇಲೆ ಕೇಳಿಸುವುದೂ ಎಲ್ಲರ ಅಭಿಪ್ರಾಯ ಅಲ್ಲ, ಅದೂ ನೆನಪಿರಲಿ. ತಮ್ಮ ಮಾತು ಸುತ್ತಲಿನವರಿಗೆ ಹಿಡಿಸೋದಿಲ್ಲ ಅನ್ನಿಸಿದರೆ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ. ಆಗ ಜೋರು ದನಿಯವರೇ ಎಲ್ಲಾ ಕಡೆ ಇರುವ ಹಾಗೆ ಕಾಣುತ್ತದೆ. ಜರ್ಮನಿಯ ಎಲಿಸಬೆತ್ ನೋಯೆಲ್-ನೋಯ್ಮನ್ 1974ರಲ್ಲಿ ಇದನ್ನು ಮೌನದ ಸುರುಳಿ ಎಂದು ಕರೆದರು. ನಮ್ಮ ಕಡೆ ಆ ಮೌನದ ದೊಡ್ಡ ಪಾಲು ಹೆಂಗಸರದು. ಮಂಡಕ್ಕಿ ಅಂಗಡಿಯ ಬೆಂಚಿನಲ್ಲಿ, ಊರ ಕಟ್ಟೆಯಲ್ಲಿ ಅವರು ಕೂರೋದೇ ಇಲ್ಲ. ಮನೆಯ ಗಂಡಸರು "ನಮ್ಮ ಮನೇದು ಐದು ವೋಟು" ಅಂತ ಲೆಕ್ಕ ಹೇಳಿ ಬರುತ್ತಾರೆ.

ನಮ್ಮಪ್ಪನೂ ಹಾಗೇ ಹೇಳುತ್ತಿದ್ದ. ಪ್ರತಿ ಚುನಾವಣೆಯ ದಿನ ಬೆಳಿಗ್ಗೆ ಅವ್ವನಿಗೆ ಚಿಹ್ನೆ ನೆನಪಿಸಿ ಕರಕೊಂಡು ಹೋಗುತ್ತಿದ್ದ. ಅವ್ವ ಹೂಂ ಅನ್ನುತ್ತಿದ್ದಳು. ಅಪ್ಪ ತೀರಿಕೊಂಡು ಎರಡು ವರ್ಷದ ಮೇಲೆ ಒಂದು ದಿನ ಕೇಳಿದೆ.

"ಅವ್ವಾ, ಅಪ್ಪ ಹೇಳಿದ್ದಕ್ಕೇ ಹಾಕ್ತಿದ್ದೇನು ನೀನು?"

ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಅಲ್ಲಿ ಒಳಗ ಒಬ್ರನ್ನೇ ಬಿಡ್ತಾರೆ ಕಣಪ್ಪ. ಅದು ಯಾಕೆ ಅಂದ್ಕಂಡಿ?" ಅಂದು, ಒಂದು ಕಲ್ಲು ಹೆಕ್ಕಿ ಆಚೆ ಎಸೆದಳು.